ಗುಂಡಿ ಸೆಲ್ಲು ಮತ್ತು ಕಡತಗಳ ಕಾಲ

ಭಿವಂಡಿಯ ಚರಿತ್ರೆ ಬರೆಯುವವರು ಯಂತ್ರಮಗ್ಗಗಳನ್ನೂ ಈಚೆಗೆ ಹೆದ್ದಾರಿಯ ಬದಿಗೆ ಎದ್ದುನಿಂತ ಗೋದಾಮುಗಳನ್ನೂ ಕುರಿತು ಬರೆಯುತ್ತಾರೆ. ಅಲ್ಲಿನ ಲೆಕ್ಕದ ಕೋಣೆಗಳಲ್ಲಿ, ನೆರೆಯ ಕಲ್ಯಾಣ, ಡೊಂಬಿವಲಿ, ಠಾಣೆಗಳ ನಮ್ಮ ಸಂಘಗಳ ಕಚೇರಿಗಳಲ್ಲಿ ದುಡಿದು ಹಳತಾದ ಗಣಕಯಂತ್ರಗಳ ಚರಿತ್ರೆ ಮಾತ್ರ ಬರೆಯದೇ ಉಳಿದಿದೆ. ಅದರಲ್ಲಿ ಒಂದು ಪುಟ್ಟ ಸೆಲ್ಲಿನ ವಿಚಾರವನ್ನಷ್ಟೇ ಇಲ್ಲಿ ಎತ್ತಿಕೊಂಡಿದ್ದೇವೆ. ಹಳೆಯ ಕಡತದ ಮೇಲಿನ ದಿನಾಂಕವನ್ನು ನಂಬಬಹುದೇ ಎಂಬ ಪ್ರಶ್ನೆ ಬಂದು ನಿಲ್ಲುವುದು ಈ ಸೆಲ್ಲಿನ ಬಳಿಯೇ.

1981ರ ಐಬಿಎಂ ಪಿಸಿಗೆ, ಆರಿಸಿದ ಮೇಲೂ ನಡೆಯುವ ಗಡಿಯಾರವಿರಲಿಲ್ಲ. ಹೊತ್ತಿಸಿದಾಗಲೆಲ್ಲ ಅದು ತಾರೀಕು ಕೇಳುತ್ತಿತ್ತು. ಉತ್ತರಿಸದೆ ಮುಂದೆ ಹೋದರೆ 1980ರ ಜನವರಿ 1 ಎಂದೇ ಭಾವಿಸುತ್ತಿತ್ತು. ಡಾಸ್‌ನ ಪಂಚಾಂಗ ತೊಡಗುವುದೇ ಆ ದಿನದಿಂದ. 1984ರ ಪಿಸಿ ಎಟಿಯಲ್ಲಿ ಮೊಟೊರೊಲಾದ ಗಡಿಯಾರದ ಚಿಪ್ಪು ಬಂದಿತು. ಅದರ ಸ್ಮೃತಿ 64 ಬೈಟು. 14 ಬೈಟು ಗಡಿಯಾರಕ್ಕೆ, ಮಿಕ್ಕ 50 ಡಿಸ್ಕು ಮೊದಲಾದವುಗಳ ವಿವರಕ್ಕೆ. ವಿದ್ಯುತ್ತಿಲ್ಲದಾಗ ಇಷ್ಟನ್ನು ಕಾಯಲು ಒಂದು ಬ್ಯಾಟರಿ. ಅದೇ ವರ್ಷದ ನವೆಂಬರಿನಲ್ಲಿ ಭಾರತ ಸರ್ಕಾರ ಹೊಸ ಗಣಕ ನೀತಿಯನ್ನು ಪ್ರಕಟಿಸಿತು. ಈ ಅಚ್ಚಿನ ಯಂತ್ರಗಳು ನಮ್ಮ ಕಚೇರಿಗಳನ್ನು ಹೊಕ್ಕದ್ದು ಅದರ ಬೆನ್ನಲ್ಲೇ.

ಆ ಕಾಲದ 286, 386 ಯಂತ್ರಗಳಲ್ಲಿ ಬ್ಯಾಟರಿ ಸತ್ತರೆ ತಪ್ಪುತ್ತಿದ್ದುದು ಗಡಿಯಾರವೊಂದೇ ಅಲ್ಲ. ಡಿಸ್ಕಿನ ಸಿಲಿಂಡರು, ಹೆಡ್ಡು, ಸೆಕ್ಟರುಗಳ ಸಂಖ್ಯೆಗಳೂ ಮರೆತುಹೋಗುತ್ತಿದ್ದವು. ಡಿಸ್ಕು ಸುಸ್ಥಿತಿಯಲ್ಲಿದ್ದರೂ ಯಂತ್ರ ಅದನ್ನು ಗುರುತಿಸುತ್ತಿರಲಿಲ್ಲ. ಬಲ್ಲವರು ಬ್ಯಾಟರಿ ತೆಗೆಯುವ ಮುನ್ನ ಆ ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದರು. ಚೀಟಿ ಕಳೆದರೆ ವರ್ಷಗಳ ಲೆಕ್ಕಕ್ಕೆ ಬಾಗಿಲು ಹಾಕಿದಂತೆ. ಇನ್ನೂ ಕೆಟ್ಟದ್ದು, ಅನೇಕ ಬೋರ್ಡುಗಳಿಗೆ ಬೆಸೆದಿದ್ದ ನಿಕ್ಕೆಲ್-ಕ್ಯಾಡ್ಮಿಯಂ ಬ್ಯಾಟರಿ. ಮುದಿಯಾದಾಗ ಅದು ಸೋರುತ್ತಿತ್ತು, ಸೋರಿದ ಕ್ಷಾರ ಬೋರ್ಡಿನ ತಾಮ್ರದ ಗೆರೆಗಳನ್ನು ತಿನ್ನುತ್ತಿತ್ತು. ಅಟ್ಟದಲ್ಲಿ ಅಂಥ ಯಂತ್ರವಿದ್ದರೆ ಈಗಲೂ ಮೊದಲು ಮಾಡಬೇಕಾದ ಕೆಲಸ ಆ ಬ್ಯಾಟರಿಯನ್ನು ಕತ್ತರಿಸಿ ತೆಗೆಯುವುದು. ಹೊತ್ತಿಸಿ ನೋಡುವ ಕುತೂಹಲವೆಲ್ಲ ಆಮೇಲೆ.

ಕ್ರಮೇಣ ಆ ಜಾಗಕ್ಕೆ ಸಿಆರ್2032 ಎಂಬ ಲಿಥಿಯಂ ಗುಂಡಿ ಸೆಲ್ಲು ಬಂದಿತು. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, 3 ವೋಲ್ಟ್. ಹೆಸರಿನ ಅಂಕೆಗಳು ಅಳತೆಯನ್ನೇ ಹೇಳುತ್ತವೆ. ಬದಲಿಸುವುದು ಸುಲಭ. ಪ್ಲಗ್ಗು ಕಿತ್ತು, ಚಿಕ್ಕ ಕೊಕ್ಕೆಯನ್ನು ಸರಿಸಿ, ಕೂಡು ಚಿಹ್ನೆಯ ಮುಖ ಮೇಲೆ ಬರುವಂತೆ ಹೊಸದನ್ನು ಒತ್ತಿದರಾಯಿತು. ಮನೆಯಲ್ಲಿ ಮಕ್ಕಳಿದ್ದರೆ ಹಳೆಯ ಸೆಲ್ಲನ್ನು ಮೇಜಿನ ಮೇಲೆ ಬಿಡಬಾರದು. ನುಂಗಿದರೆ ಅನ್ನನಾಳವನ್ನೇ ಸುಡುತ್ತದೆ.

1995ರ ನಂತರದ ಎಟಿಎಕ್ಸ್ ಯಂತ್ರಗಳಲ್ಲಿ ಗೋಡೆಯ ಪ್ಲಗ್ಗಿಗೆ ವಿದ್ಯುತ್ತಿರುವವರೆಗೆ ಸಾಮಾನ್ಯವಾಗಿ ಗಡಿಯಾರದ ಹೊರೆ ಸೆಲ್ಲಿನ ಮೇಲೆ ಬೀಳುವುದಿಲ್ಲ. ಗೋಡೆಯ ಸಾಕೆಟ್ಟಿಗೆ ಸ್ವಿಚ್ಚೇ ಇಲ್ಲದ ದೇಶಗಳ ಕಚೇರಿಗಳಲ್ಲಿ ಅದು ವರ್ಷಾನುಗಟ್ಟಲೆ ವಿಶ್ರಾಂತಿಯಲ್ಲಿರುತ್ತದೆ. ನಮ್ಮವರು ಸಂಜೆ ಗೋಡೆಯ ಸ್ವಿಚ್ಚನ್ನೇ ಆರಿಸಿ ಬೀಗ ಹಾಕುವವರು. ಮಿತವ್ಯಯಕ್ಕೂ ಬೆಂಕಿಯ ಭಯಕ್ಕೂ ಅದು ಸರಿ, ಆದರೆ ಇಡೀ ರಾತ್ರಿ, ಭಾನುವಾರ, ಹಬ್ಬದ ರಜೆಗಳ ಕಾವಲು ಸೆಲ್ಲಿನ ಪಾಲಿಗೆ. ಇದರ ಮೇಲೆ ಲೋಡ್‌ಶೆಡ್ಡಿಂಗ್. 2007ರ ಜನವರಿಯಲ್ಲಿ ಭಿವಂಡಿಯ ವಿದ್ಯುತ್ ವಿತರಣೆ ಟೊರೆಂಟ್ ಪವರ್ ಸಂಸ್ಥೆಯ ಕೈಸೇರುವ ಮುನ್ನಿನ ವರ್ಷಗಳಲ್ಲಿ ಕರೆಂಟು ಹೋಗುವುದು ಅಲ್ಲಿನ ದಿನಚರಿಯ ಭಾಗವೇ ಆಗಿತ್ತು. ಮಗ್ಗಗಳು ನಿಂತದ್ದನ್ನು ಊರೇ ಕೇಳಿತು. ಲೆಕ್ಕದ ಕೋಣೆಯ ಸೆಲ್ಲು ಸವೆದದ್ದಕ್ಕೆ ಸದ್ದಿಲ್ಲ.

ಹೊಸ ವಿಂಡೋಸ್ ಅಂತರ್ಜಾಲದಿಂದ ಸಮಯ ತಿದ್ದಿಕೊಳ್ಳುವುದರಿಂದ ಸತ್ತ ಸೆಲ್ಲು ಇಂದು ಬಹಳ ಕಾಲ ಮರೆಯಲ್ಲಿರಬಲ್ಲದು. ಅಂತರ್ಜಾಲ ತಲುಪದ ಯಂತ್ರಗಳ ಗತಿ ಬೇರೆ. ಅವುಗಳಲ್ಲಿ ಸೆಲ್ಲು ಸತ್ತ ಮೇಲೆ ಬರೆದ ಪ್ರತಿಯೊಂದು ಕಡತಕ್ಕೂ ಸುಳ್ಳು ಜನ್ಮದಿನ. ನಮ್ಮ ಬಳಗದ ಹಳೆಯ ಸದಸ್ಯರ ಪಟ್ಟಿ, ಸ್ಮರಣ ಸಂಚಿಕೆಯ ಲೇಖನ, ಸಭೆಯ ನಡಾವಳಿಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಲು ಹೊರಟರೆ ಅನೇಕ ಕಡೆ ಕಡತದ ದಿನಾಂಕವೊಂದೇ ಆಧಾರ. ‘ಬರಹ’ ತಂತ್ರಾಂಶದಲ್ಲಿ ಟಂಕಿಸಿದ ಲೇಖನದ ಮೇಲೆ 1980 ಎಂದಿದ್ದರೆ ಸುಳ್ಳು ತಾನಾಗಿಯೇ ಬಯಲಾಗುತ್ತದೆ, ಏಕೆಂದರೆ ಶೇಷಾದ್ರಿವಾಸು ಚಂದ್ರಶೇಖರನ್ ಅದನ್ನು ಹೊರತಂದದ್ದೇ 1998ರಲ್ಲಿ. ಆದರೆ ಎಲ್ಲ ಯಂತ್ರಗಳೂ 1980ಕ್ಕೆ ಮರಳುವುದಿಲ್ಲ. ಕೆಲವು ತಮ್ಮ ಬಯಾಸ್ ಸಿದ್ಧವಾದ ವರ್ಷಕ್ಕೆ, ಎಂದರೆ 2002ಕ್ಕೋ 2004ಕ್ಕೋ ಮರಳುತ್ತವೆ. ನಂಬಲರ್ಹವಾಗಿ ಕಾಣುವ ಈ ಸುಳ್ಳನ್ನೇ ನಾವು ಹೆಚ್ಚು ಅಂಜಬೇಕು. ಶಾಸನದ ಕಾಲವನ್ನು ಲಿಪಿಯಿಂದ ಪರೀಕ್ಷಿಸುವಂತೆ ಇಲ್ಲಿಯೂ ಒಳಗಿನ ಸಾಕ್ಷ್ಯವನ್ನು ನೋಡಬೇಕಾಗುತ್ತದೆ: ಪಟ್ಟಿಯಲ್ಲಿ ಪದಾಧಿಕಾರಿಯಾಗಿರುವವರು ಆ ವರ್ಷ ನಿಜವಾಗಿ ಆ ಸ್ಥಾನದಲ್ಲಿದ್ದರೆ, ಬಿಲ್ಲಿನಲ್ಲಿರುವ ತೆರಿಗೆ ಆಗ ಜಾರಿಯಲ್ಲಿತ್ತೆ. ಒಂದೇ ದಿನಾಂಕದ ಸುತ್ತ ಹತ್ತಾರು ಅಸಂಬದ್ಧ ಕಡತಗಳು ಗುಂಪಾಗಿದ್ದರೆ ಸೆಲ್ಲು ಸತ್ತ ಯಂತ್ರವೆಂದು ಶಂಕಿಸಬೇಕು.

ಸಂಘದ ಕೋಣೆಗಳಲ್ಲಿ ಉಳಿದಿರುವ ಯಂತ್ರಗಳಿಂದ ಕಡತಗಳನ್ನು ಹೊರತೆಗೆಯುವವರು ಮೊದಲು ಬಯಾಸ್ ತೆರೆದು ಅದು ತೋರಿಸುವ ದಿನಾಂಕವನ್ನೂ ನಿಜವಾದ ದಿನಾಂಕವನ್ನೂ ಅಕ್ಕಪಕ್ಕ ಬರೆದಿಡಲಿ. ಸೆಲ್ಲು ಬದಲಿಸುವುದು ಅದಾದ ಮೇಲೆ.