ಸ್ಮಾರ್ಟ್ ಕ್ಲಾಸ್‌ಗೆ ಪ್ರೊಜೆಕ್ಟರ್: ಬಿಲ್ ಕಟ್ಟೋ ಮುಂಚೆ ಕೇಳಬೇಕಾದ ಪ್ರಶ್ನೆಗಳು

ಬೀದರ್ ನಗರವಿರಲಿ, ಭಾಲ್ಕಿ, ಔರಾದ್ ತಾಲ್ಲೂಕಿನ ಹಳ್ಳಿಯಿರಲಿ, ಸರ್ಕಾರಿ ಶಾಲೆಗೆ ಪ್ರೊಜೆಕ್ಟರ್ ಪದೇ ಪದೇ ಕೊಳ್ಳುವ ವಸ್ತುವಲ್ಲ. ಅನುದಾನವೋ ಹಳೆ ವಿದ್ಯಾರ್ಥಿಗಳ ದೇಣಿಗೆಯೋ, ಒಮ್ಮೆ ಖರ್ಚಾದರೆ ಮತ್ತೆ ಸಿಗೋದು ಕಷ್ಟ. ಹಾಗಾಗಿ ಎಸ್‌ಡಿಎಂಸಿಯವರು ಇಷ್ಟು ತಿಳಿದುಕೊಂಡಿರಬೇಕು.

ಬೆಳಕು ಎಷ್ಟು?
ಪ್ರೊಜೆಕ್ಟರ್ ಬೆಳಕಿನ ಅಳತೆ ಲ್ಯೂಮೆನ್. 100 ಇಂಚಿನ ಪರದೆಯ ವಿಸ್ತೀರ್ಣ ಸುಮಾರು 2.9 ಚದರ ಮೀಟರ್. 3,500 ಲ್ಯೂಮೆನ್ ಯಂತ್ರ ಅದರ ಮೇಲೆ ಸುಮಾರು 1,200 ಲಕ್ಸ್ ಬೆಳಕು ಚೆಲ್ಲುತ್ತದೆ. ಕಿಟಕಿಯಿಂದ ಪರದೆಗೆ 300 ಲಕ್ಸ್ ಬಿದ್ದರೆ, ಚಿತ್ರದ ಬಿಳಿ ಭಾಗ ಕಪ್ಪಿಗಿಂತ 5 ಪಟ್ಟು ಬೆಳಗುತ್ತದೆ. 1,000 ಲ್ಯೂಮೆನ್ ಆದರೆ ಬರೀ 2 ಪಟ್ಟು, ಅಕ್ಷರ ಮಂಕು. ಬಿರುಬೇಸಿಗೆಯಲ್ಲಿ ಕಿಟಕಿ ಮುಚ್ಚಿ ಮಕ್ಕಳನ್ನು ಕೂರಿಸೋಕಾಗುತ್ತಾ? ಡಬ್ಬದ ಮೇಲಿನ ದೊಡ್ಡ ಸಂಖ್ಯೆ ನಂಬಬೇಡಿ; ಆನ್ಸಿ ಅಥವಾ ಐಎಸ್‌ಒ ಲ್ಯೂಮೆನ್ ಎಷ್ಟು ಅಂತ ಕೇಳಿ.

ಸ್ಪಷ್ಟತೆ
800×600 ಬೇಡ. ಕನ್ನಡದ ಒತ್ತಕ್ಷರ ಹಿಂದಿನ ಬೆಂಚಿಗೆ ಕಲಸಿ ಕಾಣುತ್ತದೆ. 1280×800 ಸಾಕು, 1920×1080 ಉತ್ತಮ. ‘4ಕೆ ಸಪೋರ್ಟ್’ ಎಂದರೆ 4ಕೆ ವಿಡಿಯೊ ಸ್ವೀಕರಿಸುತ್ತದೆ ಎಂದಷ್ಟೇ. ‘ನೇಟಿವ್’ ರೆಸಲ್ಯೂಷನ್ ನೋಡಿ.

ನೆರಳು
ಮನೆಯೊಳಗೆ ಗಾಲ್ಫ್ ಸಿಮ್ಯುಲೇಟರ್ ಹಾಕಿಸುವವರಿಗೂ ಶಾಲೆಗೂ ತೊಂದರೆ ಒಂದೇ: ಮುಂದೆ ನಿಂತವರ ನೆರಳು. ಥ್ರೋ ರೇಶಿಯೊ 1.5 ಇದ್ದರೆ 7 ಅಡಿ ಅಗಲದ ಚಿತ್ರಕ್ಕೆ ಯಂತ್ರ ಹತ್ತೂವರೆ ಅಡಿ ದೂರದಲ್ಲಿರಬೇಕು. 0.5ರ ಶಾರ್ಟ್ ಥ್ರೋ ಆದರೆ ಮೂರೂವರೆ ಅಡಿ ಸಾಕು. ಮೇಷ್ಟ್ರ ಕಣ್ಣಿಗೆ ಬೆಳಕು ಹೊಡೆಯೋದೂ ಕಡಿಮೆ.

ಲ್ಯಾಂಪೋ ಲೇಸರೋ?
ದಿನಕ್ಕೆ 4 ಗಂಟೆಯಂತೆ ವರ್ಷಕ್ಕೆ 220 ದಿನ ಬಳಸಿದರೆ 880 ಗಂಟೆ. 5,000 ಗಂಟೆಯ ಲ್ಯಾಂಪ್ ಐದಾರು ವರ್ಷಕ್ಕೆ ಮುಗಿಯುತ್ತದೆ. 20,000 ಗಂಟೆಯ ಲೇಸರ್ 20 ವರ್ಷ ದಾಟುತ್ತದೆ. ಲೇಸರ್‌ಗೆ ಬೆಲೆ ಜಾಸ್ತಿ, ನಿಜ. ಆದರೆ ಕರೆಂಟ್ ದಿಢೀರ್ ಹೋದಾಗ ಫ್ಯಾನ್ ನಿಂತು ಬಿಸಿ ಲ್ಯಾಂಪ್ ಸೊರಗುತ್ತದೆ. ಲ್ಯಾಂಪ್ ಯಂತ್ರವೇ ಕೊಂಡರೆ ಯುಪಿಎಸ್ ಖರ್ಚೂ ಸೇರಿಸಿ. ಯಾವುದೇ ಆದರೂ ಧೂಳಿನ ಫಿಲ್ಟರ್ ಇದ್ದರೆ ತಿಂಗಳಿಗೊಮ್ಮೆ ಸ್ವಚ್ಛ ಮಾಡಿ.

ಕೊನೆಗೊಂದು ಮಾತು: ಅಂಗಡಿಯ ಕತ್ತಲೆ ಕೋಣೆಯಲ್ಲಿ ನೋಡಿ ಒಪ್ಪಬೇಡಿ. ಯಂತ್ರವನ್ನು ಶಾಲೆಗೇ ತರಿಸಿ, ಬೆಳಿಗ್ಗೆ 11ಕ್ಕೆ ಕಿಟಕಿ ತೆರೆದು, ಪಾಠದ ಒಂದು ಪುಟ ಹಾಕಿ. ಕೊನೆ ಬೆಂಚಿನ ಮಗು ಓದಿದರೆ ಮಾತ್ರ ಬಿಲ್‌ಗೆ ಸಹಿ ಹಾಕಿ.