ನರವಿಷಕ್ಕೆ ಕಿಣ್ವದ ಕಾವಲು: ಬದುಕಿದರಷ್ಟೇ ಸಾಕೇ?

ನರವಿಷಗಳ ವಿರುದ್ಧದ ಕಿಣ್ವ ಚಿಕಿತ್ಸೆಯ ಬಗ್ಗೆ ಈಚೆಗೆ ಬರುತ್ತಿರುವ ಸಮೀಕ್ಷೆಗಳನ್ನು ಓದಿದವರಿಗೆ, ಈ ಕ್ಷೇತ್ರವೆಂದರೆ ಕಿಣ್ವದ ವೇಗ ಹೆಚ್ಚಿಸುವ ಪೈಪೋಟಿ ಎನ್ನಿಸಬಹುದು. ವಿಷ ತಗುಲಿಯೂ ಉಳಿದ ಜೀವದ ನೆನಪು, ನಡವಳಿಕೆ ಏನಾಯಿತೆಂದು ಕೇಳಿದ ಪರಂಪರೆ ಅವುಗಳಲ್ಲಿ ಅಡಿಟಿಪ್ಪಣಿಗೆ ಇಳಿದಿದೆ.

ಹಿಂದಿನ ಕಥೆ ಎಲ್ಲರಿಗೂ ಗೊತ್ತಿರುವುದೇ. 1936ರಲ್ಲಿ ಜರ್ಮನಿಯ ಗೆರ್ಹಾರ್ಡ್ ಶ್ರಾಡರ್ ಕೀಟನಾಶಕ ಹುಡುಕಲು ಹೋಗಿ ಟಾಬುನ್ ಕಂಡುಕೊಂಡರು. ಸಾರಿನ್, ಸೋಮನ್ ಅದರ ಬೆನ್ನಿಗೇ ಬಂದವು. ಇವು ಅಸಿಟೈಲ್‌ಕೋಲಿನ್‌ಎಸ್ಟರೇಸ್ ಕಿಣ್ವವನ್ನು ಕಟ್ಟಿಹಾಕುತ್ತವೆ; ಸೆಳವು ಬರುತ್ತದೆ, ಉಸಿರು ನಿಲ್ಲುತ್ತದೆ. ಮದ್ದಾಗಿ ಅಟ್ರೋಪಿನ್ ಜೊತೆಗೆ, ಕಿಣ್ವವನ್ನು ವಿಷದಿಂದ ಬಿಡಿಸುವ ಪ್ರಾಲಿಡಾಕ್ಸಿಮ್ 1955ರಲ್ಲಿ ಬಂತು. ಸೋಮನ್ ಮುಂದೆ ಅದರ ಆಟ ನಡೆಯದು. ಕೆಲವೇ ನಿಮಿಷಗಳಲ್ಲಿ ವಿಷದ ಹಿಡಿತ ಬಿಡಿಸಲಾಗದಷ್ಟು ಬಿಗಿಯುತ್ತದೆ. 1991ರ ಕೊಲ್ಲಿ ಯುದ್ಧದಲ್ಲಿ ಸೈನಿಕರಿಗೆ ಮುಂಚಿತವಾಗಿ ಕೊಟ್ಟ ಪಿರಿಡೋಸ್ಟಿಗ್ಮಿನ್ ಮಿದುಳನ್ನು ಸರಿಯಾಗಿ ಸೇರುವುದೇ ಇಲ್ಲ.

ತಿರುವು ಬಂದದ್ದು ಎಂಬತ್ತರ ದಶಕದಲ್ಲಿ, ಅಮೆರಿಕದ ವಾಲ್ಟರ್ ರೀಡ್ ಸೇನಾ ಸಂಶೋಧನಾ ಸಂಸ್ಥೆಯಲ್ಲಿ. ಭೂಪೇಂದ್ರ ಡಾಕ್ಟರ್ (ಇದು ಅವರ ಮನೆತನದ ಹೆಸರು) ಅವರ ಬಳಗ, ವಿಷ ಕಟ್ಟಿಹಾಕುವಂಥ ಕಿಣ್ವವನ್ನೇ ಹೊರಗಿನಿಂದ ಕೊಟ್ಟು, ವಿಷವನ್ನು ರಕ್ತದಲ್ಲೇ ಹಿಡಿಯಲು ಹೊರಟಿತು. ಮೊದಲೇ ಚುಚ್ಚಿದ ಕಿಣ್ವ ಇಲಿಗಳನ್ನು ಕಾಯುತ್ತದೆಂದು 1987ರಲ್ಲಿ ತೋರಿಸಿತು. ಬದುಕಿದ ಪ್ರಾಣಿಗಳನ್ನು ಎಣಿಸಿ ಕೈತೊಳೆದುಕೊಳ್ಳದಿದ್ದುದು ಈ ಶಾಲೆಯ ದೊಡ್ಡತನ. ರೀಸಸ್ ಕೋತಿಗಳಿಗೆ ಚಿತ್ರಗಳ ಸಾಲನ್ನು ತೋರಿಸಿ, ಯಾವುದನ್ನು ನೋಡಿದ್ದವೆಂದು ಗುರುತಿಸಲು ಬಿಟ್ಟರು. ಕಿಣ್ವ ಪಡೆದವು ಸೋಮನ್ ನಂತರವೂ ಹಳೆಯ ಮಟ್ಟಕ್ಕೆ ಮರಳಿದವು. ಇಸ್ರೇಲಿನಲ್ಲಿ ನೀರಿನ ಚಕ್ರವ್ಯೂಹಕ್ಕೆ ಇಳಿಸಿದ ಇಲಿಗಳ ಕಲಿಕೆಯನ್ನು ಮಾನವ ರಕ್ತದಲ್ಲಿರುವ ಇದೇ ಬಗೆಯ ಕಿಣ್ವ ಬ್ಯುಟಿರೈಲ್‌ಕೋಲಿನ್‌ಎಸ್ಟರೇಸ್ ಉಳಿಸಿತು. 1995ರಲ್ಲಿ ಸಂಶೋಧಕ ಜಿನೊವೀಸ್ ಮತ್ತು ಇದೇ ಭೂಪೇಂದ್ರ ಡಾಕ್ಟರ್ ಇನ್ನೂ ಮುಖ್ಯವಾದುದನ್ನು ಕೇಳಿದರು: ವಿಷವೇ ಇಲ್ಲದಾಗ ಈ ಕಿಣ್ವ ನಡವಳಿಕೆಯನ್ನು ಕೆಡಿಸುತ್ತದೆಯೇ? ಇಲಿಗಳಲ್ಲಿ ಕೆಡಿಸಲಿಲ್ಲ. ಆರೋಗ್ಯವಂತರಿಗೆ ಮುಂಚಿತವಾಗಿ ಕೊಡುವ ಮದ್ದಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ.

ತೊಡಕು ಇದ್ದದ್ದು ಪ್ರಮಾಣದಲ್ಲಿ. ಒಂದು ಅಣು ವಿಷಕ್ಕೆ ಒಂದು ಅಣು ಕಿಣ್ವ ಬಲಿಯಾಗುವುದರಿಂದ ಒಬ್ಬ ಮನುಷ್ಯನಿಗೆ ಸುಮಾರು 200 ಮಿಲಿಗ್ರಾಂ ಬೇಕು. ದಾನಿಗಳ ಪ್ಲಾಸ್ಮಾ ಸಾಲದೆ ಕುಲಾಂತರಿ ಮೇಕೆಯ ಹಾಲು, ತಂಬಾಕಿನ ಜಾತಿಯ ಗಿಡಗಳನ್ನೂ ನೆಚ್ಚಿದರು. ವಿಷವನ್ನು ಸೀಳಿ ಮತ್ತೆ ಕೆಲಸಕ್ಕೆ ನಿಲ್ಲುವ ಕಿಣ್ವದ ಕನಸು ಬಂದದ್ದೂ ಇಲ್ಲಿಂದಲೇ. ಒಕ್ಸಾನಾ ಲಾಕ್ರಿಜ್ ಮತ್ತು ಸಂಗಡಿಗರ ರೂಪಾಂತರಿತ ಕಿಣ್ವ, ಡಾನ್ ತೌಫೀಕ್ ತಿದ್ದಿದ ಪ್ಯಾರಾಕ್ಸೊನೇಸ್ ಕಿಣ್ವ ಸೊಗಸಾದ ಕೆಲಸಗಳೇ. ಆದರೆ ವೇಗದ ಅಂಕಿಗೆ ನೆನಪಿನ ಪರೀಕ್ಷೆಯ ಬದಲಿಯಾಗುವ ಯೋಗ್ಯತೆ ಇಲ್ಲ.

ನಮ್ಮಲ್ಲಿ ಇದೇ ಕುಲದ ಕೀಟನಾಶಕ ಕುಡಿದು ಬಂದವರಿಗೆ ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ಈ ಕಿಣ್ವವಿರುವ ಪ್ಲಾಸ್ಮಾ ಕೊಟ್ಟು ನೋಡಿದ್ದರ ವರದಿ 2010ರಲ್ಲಿ ಬಂತು. ರಕ್ತದಲ್ಲಿ ಕಿಣ್ವ ಏರಿತು, ರೋಗಿಗಳ ಸ್ಥಿತಿಯಲ್ಲಿ ಸ್ಪಷ್ಟ ಲಾಭ ಕಾಣಲಿಲ್ಲ. ವಿಷ ಮಿದುಳು ಸೇರಿದ ಮೇಲೆ ಬಂದ ಕಾವಲುಗಾರ ಹೆಚ್ಚೇನು ಮಾಡಿಯಾನು? ಸೈನಿಕನಿಗೆ ಮುನ್ಸೂಚನೆ ಇರಬಹುದು, ರೈತನಿಗಿಲ್ಲ. ಹಾಗಾಗಿ ಡಾಕ್ಟರ್ ಬಳಗದ ಆ ಶಾಲೆಯಿಂದ ನಮ್ಮ ವಾರ್ಡುಗಳು ಮೊದಲು ಎರವಲು ಪಡೆಯಬೇಕಾದದ್ದು ಅದರ ಮದ್ದನ್ನಲ್ಲ, ಅಳತೆಗೋಲನ್ನು: ವೆಂಟಿಲೇಟರ್‌ನಿಂದ ಇಳಿದವನ ನೆನಪು, ಗಮನಗಳನ್ನು ಡಿಸ್ಚಾರ್ಜ್‌ಗೆ ಮೊದಲೊಮ್ಮೆ, ಆರು ತಿಂಗಳ ಮೇಲೊಮ್ಮೆ ಪರೀಕ್ಷಿಸಲು ಯಾವ ಕುಲಾಂತರಿ ಮೇಕೆಯೂ ಬೇಕಿಲ್ಲ.