ವಯಸ್ಸಿಗೊಂದು ಬಿಲ್ಲು
ಬಿಲ್ಲುಗಾರಿಕೆ ಕಲಿಯಲು ಹೋದ ಮೊದಲ ದಿನ ನನಗೆ ಕೊಟ್ಟದ್ದು 20 ಪೌಂಡ್ ಎಳೆತದ ಬಿಲ್ಲು. ಹತ್ತು ಬಾಣ ಬಿಡುವಷ್ಟರಲ್ಲಿ ತೋಳು ನಡುಗಿತು. ಹೆದೆ ಬಡಿದು ಮುಂಗೈ ಕೆಂಪಾಯಿತು. ನಾಚಿಕೆಯ ನಡುವೆ ಹ್ಯೂ ಲ್ಯಾಟಿಮರ್ ನೆನಪಾದ. 1549ರಲ್ಲಿ ಇಂಗ್ಲೆಂಡಿನ ದೊರೆ ಆರನೆಯ ಎಡ್ವರ್ಡನ ಮುಂದೆ ಉಪದೇಶ ಮಾಡುತ್ತ ಈ ಪಾದ್ರಿ ತನ್ನ ಬಾಲ್ಯವನ್ನು ಹೇಳಿಕೊಂಡಿದ್ದ. ರೈತನಾಗಿದ್ದ ಅಪ್ಪ ಮಗನ ವಯಸ್ಸು, ಬಲ ನೋಡಿ ಬಿಲ್ಲು ಕೊಡಿಸುತ್ತಿದ್ದ; ಹುಡುಗ ಬೆಳೆದಂತೆ ಬಿಲ್ಲೂ ದೊಡ್ಡದಾಗುತ್ತಿತ್ತು. ಎಳೆಯಬೇಕಾದದ್ದು ಬರೀ ತೋಳಿನಿಂದಲ್ಲ, ಇಡೀ ಮೈಯಿಂದ ಎಂದು ಕಲಿಸಿದವನೂ ಅಪ್ಪನೇ.

1545ರಲ್ಲಿ ಮುಳುಗಿದ ಮೇರಿ ರೋಸ್ ಹಡಗಿನಲ್ಲಿ ಸಿಕ್ಕ ಬಿಲ್ಲುಗಳ ಎಳೆತ ಬಹುಪಾಲು 100 ಪೌಂಡಿಗೂ ಮಿಗಿಲೆಂದು ಅಂದಾಜು. ಅಲ್ಲಿನ ಕೆಲವು ಅಸ್ಥಿಪಂಜರಗಳಲ್ಲಿ ಭುಜದ ಮೂಳೆಯ ತುದಿ ಬೆಸೆದುಕೊಂಡೇ ಇರಲಿಲ್ಲ. ಎಳವೆಯಿಂದಲೇ ಬಿಲ್ಲೆಳೆದ ಗುರುತಿರಬಹುದು.

ನಾನು ಶುರು ಮಾಡಿದ್ದು 34ರಲ್ಲಿ. ಮುಂದಿನ ವಾರ 16 ಪೌಂಡಿನ ಬಿಲ್ಲು ಕೇಳಿ ಪಡೆದೆ.